ಟಿಬಿ ಮಾತ್ರೆ ಶುರುವಾದ ಮೇಲೆ ಅಮ್ಮನ ಶುಗರ್ ಏರಿದೆ, ಯಾಕೆ?

ದಾವಣಗೆರೆ_ಮಗ:
ಅಮ್ಮನಿಗೆ 58 ವರ್ಷ. ಶುಗರ್ ಬಂದು ಬಹಳ ಕಾಲ ಆಯಿತು. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಎರಡೂ ತಗೊಳ್ಳುತ್ತಾರೆ, ಹತೋಟಿಯಲ್ಲೇ ಇತ್ತು. ಈಚೆಗೆ ಕೆಮ್ಮು ಬಿಡಲೇ ಇಲ್ಲ, ತೂಕ ಇಳಿಯಿತು, ಕಫ ಪರೀಕ್ಷೆ ಮಾಡಿಸಿದರೆ ಟಿಬಿ. ಮಾತ್ರೆ ಶುರುವಾಗಿ ಕೆಮ್ಮು ಕಡಿಮೆಯಾಗಿದೆ, ಆದರೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಶುಗರ್ 240ರ ಹತ್ತಿರ ಬರುತ್ತಿದೆ. ಸಿಹಿ ಮುಟ್ಟಿಲ್ಲ, ಜೋಳದ ರೊಟ್ಟಿ, ಪಲ್ಯ ಅಷ್ಟೇ. ಟಿಬಿ ಡಾಕ್ಟರು ಶುಗರ್ ಡಾಕ್ಟರನ್ನು ಕೇಳಿ ಅನ್ನುತ್ತಾರೆ, ಅವರು ಸಿಗೋದು ಮುಂದಿನ ತಿಂಗಳು. ಅದರ ಮೇಲೆ ಚಿಕ್ಕಪ್ಪ ಟಿಬಿ ಮಾತ್ರೆ ನಿಲ್ಲಿಸಿ ನೋಡು ಅಂತಿದ್ದಾರೆ. ಮೆಟ್‌ಫಾರ್ಮಿನ್ ಜಾಸ್ತಿ ತಗೊಂಡರೆ ಟಿಬಿ ಬೇಗ ಹೋಗುತ್ತದೆ ಅಂತ ವಾಟ್ಸಾಪ್‌ನಲ್ಲೂ ಬಂದಿದೆ. ನಿಜಾನಾ?

ಮೆಡಿಕಲ್_ಶಾಪ್_ತುಮಕೂರು:
ಮೊದಲು ಚಿಕ್ಕಪ್ಪನ ಮಾತು ಬಿಡಿ. ಟಿಬಿ ಮಾತ್ರೆ ಮಧ್ಯದಲ್ಲಿ ನಿಲ್ಲಿಸಿದರೆ ರೋಗಾಣು ಔಷಧಿಗೆ ಬಗ್ಗದ ಹಾಗೆ ಆಗಬಹುದು, ಆಮೇಲೆ ಕಷ್ಟ.
ಶುಗರ್ ಏರೋದಕ್ಕೆ ಎರಡು ಕಾರಣ ಇರಬಹುದು. ಮೈಯಲ್ಲಿ ಸೋಂಕು ಇದ್ದಾಗ ಶುಗರ್ ತಾನಾಗಿಯೇ ಏರುತ್ತದೆ. ಇನ್ನೊಂದು, ಮೂತ್ರ ಕೆಂಪಗೆ ಮಾಡುತ್ತದಲ್ಲ, ಆ ಟಿಬಿ ಮಾತ್ರೆ ರಿಫಾಂಪಿಸಿನ್. ಅದು ಲಿವರ್‌ನ ಕಿಣ್ವಗಳನ್ನು ಚುರುಕು ಮಾಡಿ ಗ್ಲಿಮೆಪಿರೈಡ್ ಥರದ ಮಾತ್ರೆಗಳನ್ನು ಬೇಗ ಕರಗಿಸಿಬಿಡುತ್ತದೆ. ಅಮ್ಮ ಅದೇ ಮಾತ್ರೆ ನುಂಗುತ್ತಿದ್ದಾರೆ, ಆದರೆ ರಕ್ತದಲ್ಲಿ ಮೊದಲಿನಷ್ಟು ಉಳಿಯುತ್ತಿಲ್ಲ. ಊಟದ ತಪ್ಪಲ್ಲ. ಅದಕ್ಕೇ ಎಷ್ಟೋ ಜನರಿಗೆ ಟಿಬಿ ಚಿಕಿತ್ಸೆ ಮುಗಿಯುವವರೆಗೆ ಇನ್ಸುಲಿನ್ ಹಾಕುತ್ತಾರೆ. 240 ಇಟ್ಟುಕೊಂಡು ಮುಂದಿನ ತಿಂಗಳವರೆಗೆ ಕಾಯಬೇಡಿ, ಯಾವುದಾದರೂ ಫಿಜಿಷಿಯನ್‌ಗೆ ಎರಡೂ ಚೀಟಿ ಒಟ್ಟಿಗೆ ತೋರಿಸಿ. ನೀವೇ ಡೋಸ್ ಏರಿಸಬೇಡಿ.

ನರ್ಸ್_ಅಕ್ಕ:
ಮೇಲಿನವರು ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಟಿಬಿ ಮಾತ್ರೆ ಮುಗಿದ ಮೇಲೆ ರಿಫಾಂಪಿಸಿನ್ ಪ್ರಭಾವ ಇಳಿಯುತ್ತದೆ, ಆಗ ಏರಿಸಿದ್ದ ಶುಗರ್ ಔಷಧಿ ಹಾಗೇ ಇದ್ದರೆ ಶುಗರ್ ಕೆಳಗೆ ಬೀಳಬಹುದು. ಬೆವರು, ನಡುಕ, ತಲೆ ಸುತ್ತು ಬಂದರೆ ಸುಮ್ನೆ ಸುಸ್ತು ಅಂದುಕೊಳ್ಳಬೇಡಿ, ಶುಗರ್ ನೋಡಿ.
ಕಾಲು ಉರಿ ಇದೆಯಾ ಅಂತ ಅಮ್ಮನನ್ನು ಕೇಳಿ. ಶುಗರ್‌ನಿಂದಲೂ ನರಕ್ಕೆ ತೊಂದರೆ, ಟಿಬಿಯ ಇನ್ನೊಂದು ಮಾತ್ರೆ ಐಸೋನಿಯಾಜಿಡ್‌ನಿಂದಲೂ ತೊಂದರೆ. ಅದಕ್ಕೆ ಬಿ6 ವಿಟಮಿನ್ ಕೊಡುತ್ತಾರೆ, ಕೊಟ್ಟಿದ್ದಾರಾ ನೋಡಿ.
ಟಿಬಿ ರೋಗಿಗಳ ಪೌಷ್ಟಿಕ ಊಟಕ್ಕೆ ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ಹಣಕ್ಕೆ ಬ್ಯಾಂಕ್ ಖಾತೆ ಕೊಟ್ಟಿದ್ದೀರಾ? ಮೊದಲು ತಿಂಗಳಿಗೆ 500 ಇತ್ತು, 2024ರ ನವೆಂಬರ್‌ನಿಂದ 1000 ರೂಪಾಯಿ. ಮೊಟ್ಟೆ, ಕಾಳಿಗೆ ಆಗುತ್ತದೆ.

ಓದುವ_ಹುಚ್ಚು:
ವಾಟ್ಸಾಪ್ ಸುದ್ದಿ ಪೂರ್ತಿ ಗಾಳಿಯಲ್ಲ, ಅದೇ ತೊಂದರೆ. 2014ರಲ್ಲಿ ಸಿಂಗಪುರದ ವಿಜ್ಞಾನಿಗಳು ಇಲಿಗಳ ಮೇಲೆ ನೋಡಿದಾಗ ಮೆಟ್‌ಫಾರ್ಮಿನ್ ಟಿಬಿ ಹತೋಟಿಗೆ ನೆರವಾಗುವ ಹಾಗೆ ಕಂಡಿತ್ತು, ಎಲ್ಲರಿಗೂ ಆಸೆ ಹುಟ್ಟಿತು. ಆಮೇಲೆ ಚೆನ್ನೈನ ರಾಷ್ಟ್ರೀಯ ಕ್ಷಯ ಸಂಶೋಧನಾ ಸಂಸ್ಥೆಯವರು ಮನುಷ್ಯರಲ್ಲೇ ಪರೀಕ್ಷಿಸಿದರು. ಶುಗರ್ ಇಲ್ಲದ ಟಿಬಿ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಾಮೂಲಿ ಚಿಕಿತ್ಸೆ, ಇನ್ನೊಂದಕ್ಕೆ ಅದರ ಜೊತೆ ಮೆಟ್‌ಫಾರ್ಮಿನ್. ಕಫದಲ್ಲಿ ರೋಗಾಣು ಬೇಗ ಹೋಯಿತಾ ಅಂದರೆ ಇಲ್ಲ. ಉರಿಯೂತ ಮಾತ್ರ ಕಡಿಮೆ ಇತ್ತು. ಫಾರ್ವರ್ಡ್ ಮಾಡುವವರು ಇಲಿಯಲ್ಲೇ ನಿಂತುಬಿಟ್ಟಿದ್ದಾರೆ.
ಹಾಗಾಗಿ ಅಮ್ಮ ಶುಗರ್‌ಗೆ ಅಂತ ತಗೊಳ್ಳುತ್ತಿರುವ ಮೆಟ್‌ಫಾರ್ಮಿನ್ ಮುಂದುವರಿಯಲಿ, ಜಾಸ್ತಿ ಮಾಡೋದು ಬೇಡ. ಕಿಡ್ನಿ ಸರಿ ಇಲ್ಲದವರಿಗೆ ಅದು ಅಪಾಯ, ಕ್ರಿಯಾಟಿನಿನ್ ಅನ್ನೋ ಕಿಡ್ನಿಯ ರಕ್ತ ಪರೀಕ್ಷೆ ಒಮ್ಮೆ ಮಾಡಿಸಿ.
ಇನ್ನು, ಶುಗರ್ ಇರುವವರಿಗೆ ಟಿಬಿ ಬರುವ ಸಾಧ್ಯತೆ ಸುಮಾರು ಮೂರು ಪಟ್ಟು ಅಂತ ಹಲವು ಅಧ್ಯಯನಗಳನ್ನು ಒಟ್ಟುಹಾಕಿ 2008ರಲ್ಲೇ ತೋರಿಸಿದ್ದಾರೆ. ಮನೆಯಲ್ಲಿ ಬೇರೆ ಯಾರಿಗಾದರೂ ಶುಗರ್ ಇದ್ದರೆ ಅವರನ್ನೂ ತಪಾಸಣೆಗೆ ಕರ್ಕೊಂಡು ಹೋಗಿ, ಕೆಮ್ಮು ಇಲ್ಲದಿದ್ದರೂ.

ದಾವಣಗೆರೆ_ಮಗ:
ಚಿಕ್ಕಪ್ಪನಿಗೇ ಶುಗರ್ ಇದೆ! ನಾಳೆ ಇಬ್ಬರನ್ನೂ ಕರ್ಕೊಂಡು ಹೋಗುತ್ತೇನೆ. ಬಿ6 ಕೊಟ್ಟಿದ್ದಾರೆ ಅಕ್ಕ, ಈಗ ಚೀಟಿ ನೋಡಿದೆ. ಕ್ರಿಯಾಟಿನಿನ್ ಮಾಡಿಸಿಲ್ಲ.