ಒಂದು ವರ್ಷದ ಎಂಬಿಎ: ಅಡಿಕೆ ತೋಟದ ಮೇಲೆ ಸಾಲ ಸಿಗುತ್ತದಾ? ಯಾವುದನ್ನು ಮೊದಲು ಹಿಡಿಯಲಿ?

ಕಟಪಾಡಿ_ಕಡಲು
ಬಿಕಾಂ ಆಗಿದೆ, ಮಣಿಪಾಲದಲ್ಲಿ ಫೈನಾನ್ಸ್ ಕೆಲಸ, ಐದು ವರ್ಷದ ಅನುಭವ. 2027ರ ಆಗಸ್ಟ್–ಸೆಪ್ಟೆಂಬರಿಗೆ ಸೇರುವ ಹಾಗೆ ಇನ್ಸಿಯಾಡ್ ಮತ್ತು ಕೇಂಬ್ರಿಜ್ ಜಡ್ಜ್ ಎಂಬ ಯುರೋಪಿನ ಬಿಸಿನೆಸ್ ಸ್ಕೂಲ್‌ಗಳಿಗೆ ಅರ್ಜಿ ಹಾಕಬೇಕು ಅಂತಿದ್ದೇನೆ. ಎಂಬಿಎ ಪ್ರವೇಶ ಪರೀಕ್ಷೆ ಜಿಮ್ಯಾಟ್ ಇನ್ನೂ ಬರೆದಿಲ್ಲ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಕಾಲಂ ಖಾಲಿ, ಡಿಗ್ರಿ ಸರ್ಟಿಫಿಕೇಟಿನಲ್ಲಿ ಬರೀ ಇನಿಷಿಯಲ್. ಬೆಳ್ಮಣ್ ಕಡೆ ತಂದೆ ಮತ್ತು ದೊಡ್ಡಪ್ಪನ ಜಂಟಿ ಹೆಸರಲ್ಲಿ ಅಡಿಕೆ ತೋಟ ಇದೆ, ಅದನ್ನೇ ಇಟ್ಟು ಸಾಲ ಮಾಡುವ ಅಂದಾಜು. ದೊಡ್ಡಪ್ಪ ದುಬೈಯಲ್ಲಿದ್ದಾರೆ.

ಕದ್ರಿಗುಡ್ಡೆ
ಮೊದಲು ಪಾಸ್‌ಪೋರ್ಟ್. ಜಿಮ್ಯಾಟ್‌ಗೆ ನಮ್ಮಲ್ಲಿ ಗುರುತಿನ ದಾಖಲೆಯಾಗಿ ಪಾಸ್‌ಪೋರ್ಟ್ ಬಿಟ್ಟು ಬೇರೆ ನಡೆಯುವುದಿಲ್ಲ. ನೋಂದಣಿಯ ಹೆಸರು ಅದರ ಜೊತೆ ಅಕ್ಷರಕ್ಕೆ ಅಕ್ಷರ ಹೊಂದಬೇಕು, ಇಲ್ಲವಾದರೆ ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ, ಕಟ್ಟಿದ ಹಣವೂ ಹೋಗುತ್ತದೆ. ಹಾಗಾಗಿ ಸರ್‌ನೇಮ್ ಸೇರಿಸಿ ರೀಇಶ್ಯೂ ಮಾಡಿಸಿ, ಹೊಸ ಪುಸ್ತಕ ಕೈಗೆ ಬಂದ ಮೇಲೆ ನೋಂದಣಿ ಮಾಡಿ. ಡಿಗ್ರಿ ಸರ್ಟಿಫಿಕೇಟ್ ಹಾಗೇ ಇರಲಿ. "ಎರಡೂ ಹೆಸರು ಒಬ್ಬರದ್ದೇ" ಅಂತ ನೋಟರಿ ಅಫಿಡವಿಟ್ ಒಂದು ಫೈಲಿನಲ್ಲಿಡಿ.

ಈಗಿನ ಜಿಮ್ಯಾಟ್ 2 ಗಂಟೆ 15 ನಿಮಿಷ. ಮೂರು ಭಾಗ, ತಲಾ 45 ನಿಮಿಷ: ಕ್ವಾಂಟ್ (ಗಣಿತ) 21 ಪ್ರಶ್ನೆ, ವರ್ಬಲ್ (ಇಂಗ್ಲಿಷ್ ಓದು, ತರ್ಕ) 23, ಡೇಟಾ ಇನ್‌ಸೈಟ್ಸ್ (ಕೋಷ್ಟಕ, ಗ್ರಾಫ್ ನೋಡಿ ಉತ್ತರಿಸುವುದು) 20. ಮೂರಕ್ಕೂ ಸಮಾನ ತೂಕ. ಕಾಮರ್ಸ್‌ನವರು ಕ್ವಾಂಟ್‌ಗೆ ಹೆದರಿ ಅಲ್ಲೇ ತಿಂಗಳುಗಟ್ಟಲೆ ಕೂತು, ಡೇಟಾ ಇನ್‌ಸೈಟ್ಸ್‌ನಲ್ಲಿ ಅಂಕ ಕಳೆದುಕೊಳ್ಳುತ್ತಾರೆ. ಒಟ್ಟು ಅಂಕ 205ರಿಂದ 805. ಹಳೆಯ ಮಾದರಿಯ ಪರೀಕ್ಷೆಯ 700 ಅಂದರೆ ಈಗ ಹೆಚ್ಚುಕಮ್ಮಿ 645, ಹಳೆಯ ಬ್ಲಾಗ್ ಓದಿ ಗಾಬರಿಯಾಗಬೇಡಿ. ಮತ್ತೆ ಬರೆಯಲು ನಡುವೆ 16 ದಿನ ಬೇಕು.

ಮಳೆಗಾಲದಲ್ಲಿ ಮನೆಯಿಂದ ಆನ್‌ಲೈನ್ ಪರೀಕ್ಷೆ ಬೇಡ. ನಮ್ಮೂರ ಗಾಳಿಮಳೆಗೆ ಕರೆಂಟ್ ಹೋದರೆ ಇನ್ವರ್ಟರ್ ಲೈಟನ್ನು ಉಳಿಸುತ್ತದೆ, ನೆಟ್ ಉಳಿಯುತ್ತದೆ ಅಂತ ಇಲ್ಲ. ಬೆಂಗಳೂರಿನ ಕೇಂದ್ರಕ್ಕೆ ಹೋಗುವುದಾದರೆ ಒಂದು ದಿನ ಮೊದಲೇ ತಲುಪಿ. ಜುಲೈಯಲ್ಲಿ ಶಿರಾಡಿ ಘಾಟಿ ಯಾವಾಗ ಮುಚ್ಚುತ್ತದೆ ಅಂತ ಹೇಳಲಿಕ್ಕಾಗುವುದಿಲ್ಲ.

ಕೊಣಾಜೆ_ಕ್ರಾಸ್
ಸಾಲದ ವಿಷಯ ಬಿಡಿಸಿ ಹೇಳುತ್ತೇನೆ, ಹೆಚ್ಚಿನವರು ಎಡವುವುದು ಇಲ್ಲಿಯೇ. ಇನ್ಸಿಯಾಡ್‌ನ ಫೀಸೇ ಒಂದು ಲಕ್ಷ ಯೂರೋ ದಾಟುತ್ತದೆ, ಇಷ್ಟು ಮೊತ್ತಕ್ಕೆ ಬ್ಯಾಂಕಿನವರು ಸಾಮಾನ್ಯವಾಗಿ ಅಡಮಾನ ಕೇಳುತ್ತಾರೆ. ಆದರೆ ಅಡಿಕೆ ತೋಟ ಕೃಷಿ ಭೂಮಿ. ಸಾಲ ತೀರದಿದ್ದರೆ ಆಸ್ತಿ ವಶಕ್ಕೆ ಪಡೆಯುವ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಅದಕ್ಕೇ ತೋಟಕ್ಕೆ ಎಷ್ಟೇ ಬೆಲೆ ಇದ್ದರೂ ಮ್ಯಾನೇಜರ್ ಆರ್‌ಟಿಸಿ (ಪಹಣಿ) ನೋಡಿದ ಕೂಡಲೇ ಪಕ್ಕಕ್ಕಿಡುತ್ತಾರೆ. ತೋಟದ ಬದಿಯ ಕುಮ್ಕಿ (ಸೊಪ್ಪು, ಸೌದೆಗೆ ಬಳಸುವ ಹಕ್ಕು ಮಾತ್ರ ಇರುವ ಜಾಗ) ಲೆಕ್ಕಕ್ಕೇ ಬರುವುದಿಲ್ಲ, ಅದು ಸರ್ಕಾರದ ಜಾಗ. ಅಕ್ರಮ ಸಕ್ರಮದಲ್ಲಿ (ಸಾಗುವಳಿ ಮಾಡುತ್ತಿದ್ದ ಸರ್ಕಾರಿ ಜಾಗವನ್ನು ಸಕ್ರಮ ಮಾಡಿ ಕೊಡುವ ಯೋಜನೆ) ಮಂಜೂರಾದದ್ದಾದರೆ ಪರಭಾರೆ (ಮಾರಾಟ, ವರ್ಗಾವಣೆ) ನಿಷೇಧದ ಅವಧಿ ಮುಗಿದಿದೆಯೇ ಅಂತ ನೋಡಬೇಕು.

ಅಡಮಾನಕ್ಕೆ ನಡೆಯುವುದು ಕನ್ವರ್ಷನ್ ಆದ (ಕೃಷಿಯೇತರ ಬಳಕೆಗೆ ಪರಿವರ್ತನೆಯಾದ) ಜಾಗ, ಅದರ ಮೇಲಿನ ಮನೆ, ಅಥವಾ ಫ್ಲ್ಯಾಟ್. ಪಂಚಾಯತ್ ವ್ಯಾಪ್ತಿಯಾದರೆ 9/11 (ಪಂಚಾಯತ್ ಕೊಡುವ ನಮೂನೆ 9 ಮತ್ತು 11ರ ಆಸ್ತಿ ದಾಖಲೆ) ಬೇಕು. ಜೊತೆಗೆ ಕನ್ವರ್ಷನ್ ಆದೇಶ, ನಕ್ಷೆ, ಮೂಲಪತ್ರ, ಇಸಿ (ಋಣಭಾರ ಪತ್ರ), ತೆರಿಗೆ ರಸೀದಿ. ಕನ್ವರ್ಷನ್ 20 ಸೆಂಟ್ಸ್‌ಗೆ, 9/11ನಲ್ಲಿ 18 ಅಂತ ಇದ್ದರೆ ಬ್ಯಾಂಕಿನ ವಕೀಲರು ಫೈಲ್ ವಾಪಸ್ ಕೊಡುತ್ತಾರೆ. ಅದನ್ನು ಸರಿಪಡಿಸಲಿಕ್ಕೇ ತಿಂಗಳುಗಳು ಹೋಗುತ್ತವೆ.

ಮನೆ ಜಾಗವೂ ಜಂಟಿ ಹೆಸರಲ್ಲಿದ್ದರೆ ಎಲ್ಲ ಪಾಲುದಾರರ ಸಹಿ ಬೇಕು. ದೊಡ್ಡಪ್ಪ ಬರಲಾಗದಿದ್ದರೆ ದುಬೈಯ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿದ ಪವರ್ ಆಫ್ ಅಟಾರ್ನಿ ಕಳಿಸಬೇಕು. ಅದು ಇಲ್ಲಿ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು, ಇದನ್ನು ಮರೆಯುವವರೇ ಜಾಸ್ತಿ. ಸೀಟು ಸಿಕ್ಕ ಮೇಲೆ ಇದೆಲ್ಲ ಶುರುಮಾಡಿದರೆ ಫೀಸಿನ ಗಡುವು ಮೊದಲು ಬರುತ್ತದೆ.

ಕೇಂಬ್ರಿಜ್ ಆದರೆ ಇನ್ನೊಂದು: ಬ್ರಿಟನ್ ವೀಸಾಕ್ಕೆ ತೋರಿಸುವ ಸಾಲದ ಪತ್ರ ನಿಮ್ಮದೇ ಹೆಸರಲ್ಲಿರಬೇಕು, ಆರು ತಿಂಗಳಿಗಿಂತ ಹಳೆಯದಾಗಿರಬಾರದು. "ದಾಖಲೆ ಪರಿಶೀಲನೆಗೆ ಒಳಪಟ್ಟು" ಅನ್ನುವಂಥ ಸಾಲು ಇದ್ದರೆ ಬ್ಯಾಂಕಿಗೆ ಹೋಗಿ ತೆಗೆಸಿ. ಸಾಲದ ಬದಲು ಉಳಿತಾಯ ತೋರಿಸುವುದಾದರೆ ಹಣ ಸತತ 28 ದಿನ ಖಾತೆಯಲ್ಲಿರಬೇಕು, ಒಂದು ದಿನ ಕಮ್ಮಿಯಾದರೂ ತಿರಸ್ಕಾರ.

ಕದ್ರಿಗುಡ್ಡೆ
ಬ್ಯಾಚ್ ಬಗ್ಗೆಯೂ ಯೋಚಿಸಿ. ಇನ್ಸಿಯಾಡ್ 10 ತಿಂಗಳ ಕೋರ್ಸು; ಜನವರಿ ಬ್ಯಾಚಿಗೆ ನಡುವೆ ಬೇಸಿಗೆ ಇಂಟರ್ನ್‌ಶಿಪ್‌ಗೆ ಬಿಡುವು ಸಿಗುತ್ತದೆ, ಆಗಸ್ಟ್ ಬ್ಯಾಚಿಗೆ ಸಿಗುವುದಿಲ್ಲ. ಫೈನಾನ್ಸ್ ಬಿಟ್ಟು ಬೇರೆ ಕ್ಷೇತ್ರಕ್ಕೆ ಹೋಗುವ ಮನಸ್ಸಿದ್ದರೆ ಜನವರಿಯೇ ಒಳ್ಳೆಯದು. ಓದು ಮುಗಿದ ಮೇಲೆ ಅಲ್ಲೇ ಉಳಿದು ಕೆಲಸ ಮಾಡಲು ಕೊಡುವ ಬ್ರಿಟನ್ನಿನ ಗ್ರಾಜುಯೇಟ್ ವೀಸಾ ಕೂಡ 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಎರಡು ವರ್ಷದ ಬದಲು 18 ತಿಂಗಳು ಮಾತ್ರ. ಸಾಲದ ಕಂತಿನ ಲೆಕ್ಕ ಹಾಕುವಾಗ ಇದನ್ನೂ ಹಿಡಿಯಿರಿ.

ಕಟಪಾಡಿ_ಕಡಲು
ತುಂಬಾ ಉಪಕಾರ. ಒಂದೇ ಸಂಶಯ: ಶಿಫಾರಸು ಪತ್ರ ಈಗಿನ ಮ್ಯಾನೇಜರ್‌ದೇ ಆಗಬೇಕಾ? ಅವರಿಗೆ ಇನ್ನೂ ಹೇಳಿಲ್ಲ.

ಕೊಣಾಜೆ_ಕ್ರಾಸ್
ಹಿಂದಿನ ಬಾಸ್ ಅಥವಾ ನಿಮ್ಮ ಕೆಲಸ ಹತ್ತಿರದಿಂದ ನೋಡಿದ ಕ್ಲೈಂಟ್ ಆಗಬಹುದು. ಯಾಕೆ ಈಗಿನವರಲ್ಲ ಅನ್ನುವುದನ್ನು ಐಚ್ಛಿಕ ಪ್ರಬಂಧದಲ್ಲಿ ಎರಡು ಸಾಲು ಬರೆದರೆ ಸಾಕು, ಇದು ಎಲ್ಲ ಕಡೆ ನಡೆಯುವಂಥದ್ದೇ. ಪತ್ರ ಮಾತ್ರ ನೀವು ಬರೆದು ಅವರ ಸಹಿ ಹಾಕಿಸಬೇಡಿ, ಪ್ರಬಂಧದ ಶೈಲಿಯೇ ಪತ್ರದಲ್ಲೂ ಕಂಡರೆ ಓದುವವರಿಗೆ ಗೊತ್ತಾಗುತ್ತದೆ. ನೀವು ಮಾಡಿದ ಮೂರ್ನಾಲ್ಕು ಕೆಲಸಗಳನ್ನು ಅಂಕಿಅಂಶ ಸಮೇತ ಒಂದು ಪುಟದಲ್ಲಿ ನೆನಪಿಸಿ ಕೊಡಿ. ಜಿಮೇಲ್ ಅಲ್ಲ, ಅವರ ಕಂಪನಿಯ ಇಮೇಲ್ ವಿಳಾಸವನ್ನೇ ನಮೂದಿಸಿ. ಗಡುವಿಗೆ ಆರು ವಾರ ಇರುವಾಗಲೇ ಕೇಳಿ.