ನೇಪಿಯನ್‌ನಲ್ಲಿ (ಕೆನಡಾ) ನನ್ನ ಮೊದಲನೇ ಓಟು, ನಮ್ಮೂರವ್ರು ಕ್ಯಾಂಡಿಡೇಟ್ ಲಿಸ್ಟಲ್ಲೇ ಇಲ್ಲ. ಈಗ ಹೇಗೆ ಡಿಸೈಡ್ ಮಾಡೋದು?

ಮಲೆನಾಡ್ ಟು ಬಾರ್‌ಹೇವನ್ (ಏಪ್ರಿಲ್ 13, 2025):
ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಸಿಟಿಜನ್‌ಶಿಪ್ ಓತ್ ಆಯ್ತು, ಏಪ್ರಿಲ್ 28ರದ್ದು ನನಗೆ ಮೊದಲನೇ ಫೆಡರಲ್ ಎಲೆಕ್ಷನ್. ನಿಜ ಹೇಳ್ಬೇಕಂದ್ರೆ ಯಾರಿಗೆ ಹಾಕೋದು ಅಂತ ಯೋಚನೆನೇ ಮಾಡಿರ್ಲಿಲ್ಲ, ಚಂದ್ರ ಆರ್ಯ ಅವ್ರಿಗೇ ಅಂತ ಮನಸಲ್ಲಿ ಯಾವತ್ತೋ ತೀರ್ಮಾನ ಆಗೋಗಿತ್ತು. ಶಿರಾ ತಾಲೂಕಿನವ್ರು, 2015ರಿಂದ ಮೂರು ಸಲ ಇಲ್ಲೇ ಗೆದ್ದವ್ರು, 2022ರ ಮೇನಲ್ಲಿ ಪಾರ್ಲಿಮೆಂಟಲ್ಲಿ ನಿಂತು ಕನ್ನಡದಲ್ಲಿ ಮಾತಾಡಿದ್ರಲ್ಲ, ಆ ವಿಡಿಯೋನ ಶಿವಮೊಗ್ಗದಲ್ಲಿ ನಮ್ಮಮ್ಮ ಅಕ್ಕಪಕ್ಕದ ಮನೆಯವ್ರಿಗೆಲ್ಲ ಕರೆದು ತೋರ್ಸಿದ್ರು. ಈಗ ನೋಡಿದ್ರೆ ಜನವರೀಲಿ ಅವ್ರನ್ನ ಲಿಬರಲ್ ಪಾರ್ಟಿ ಲೀಡರ್‌ಶಿಪ್ ರೇಸಿಗೂ ಬಿಡ್ಲಿಲ್ಲ, ಮಾರ್ಚ್ 20ಕ್ಕೆ ನೇಪಿಯನ್ ಟಿಕೆಟ್ಟೂ ಪಾರ್ಟಿಯವ್ರು ವಾಪಸ್ ತಗೊಂಡ್ರು, ಎರಡೇ ದಿನದಲ್ಲಿ ಪ್ರೈಮ್ ಮಿನಿಸ್ಟರ್ ಮಾರ್ಕ್ ಕಾರ್ನಿನೇ ನಮ್ಮ ಕ್ಯಾಂಡಿಡೇಟ್ ಅಂತ ಅನೌನ್ಸ್ ಆಯ್ತು. ನಮ್ಮ ರೈಡಿಂಗ್ (ಕ್ಷೇತ್ರ) ಜನನ ಯಾರೂ ಕೇಳ್ಲೇ ಇಲ್ವಲ್ಲ ಅಂತ ತುಂಬಾ ಬೇಜಾರಾಗಿದೆ. ಕನ್ಸರ್ವೇಟಿವ್‌ನಿಂದ ಬಾರ್ಬರಾ ಬಾಲ್ ಇದಾರೆ. ಬೇಜಾರಿಗೆ ಅಂತ ಆ ಕಡೆ ಹಾಕೋದು ಸರೀನಾ? ಇನ್ನೊಂದು, ನಮ್ಮನೆಯವ್ರು ಇನ್ನೂ ಪಿಆರ್ (ಪರ್ಮನೆಂಟ್ ರೆಸಿಡೆಂಟ್), ಸಿಟಿಜನ್ ಅಲ್ಲ, ಅವ್ರು ಏನಾದ್ರೂ ಮಾಡಬಹುದಾ?

ಹಳೇ ಆಟವಾ:
ಮೊದಲು ಅಭಿನಂದನೆ ಅಮ್ಮ. ಓಟು ಹಾಕೋದು ಸುಲಭ, ಈಗಿನ ಅಡ್ರೆಸ್ ಇರೋ ಡ್ರೈವರ್ಸ್ ಲೈಸೆನ್ಸ್ ಒಂದಿದ್ರೆ ಸಾಕು. ಅಡ್ವಾನ್ಸ್ ಪೋಲ್ 18ರಿಂದ 21, ಈಸ್ಟರ್ ರಜೆ ನಾಲ್ಕು ದಿನವೂ ಇದೆ. ನಮ್ಮಲ್ಲಿ ತರ ಮೆಷಿನ್ನೂ ಇಲ್ಲ, ಚಿಹ್ನೆನೂ ಇಲ್ಲ, ಬೆರಳಿಗೆ ಶಾಯಿನೂ ಇಲ್ಲ, ಕಾಗದದ ಮೇಲೆ ಹೆಸರು ಪಾರ್ಟಿ ಇರುತ್ತೆ, ಪಕ್ಕದ ವೃತ್ತದಲ್ಲಿ ಪೆನ್ಸಿಲ್ಲಲ್ಲಿ ಗುರುತು ಹಾಕಿ ಮಡಚಿ ಕೊಡೋದು. ಪಕ್ಕದ ಕಾರ್ಲ್‌ಟನ್‌ನಲ್ಲಿ, ಅದೇ ಕನ್ಸರ್ವೇಟಿವ್ ಲೀಡರ್ ಪಿಯರ್ ಪೊಲಿಯೆವ್ರ್ ರೈಡಿಂಗು, ಈ ಸಲ 91 ಜನ ನಿಂತಿದಾರೆ, ಪ್ರೊಟೆಸ್ಟಿಗೆ ಅಂತಲೇ ನಿಂತವ್ರು ಜಾಸ್ತಿ, ಹಂಗಾಗಿ ಅಲ್ಲಿ ಬ್ಯಾಲಟ್ಟು ಹಾಸಿದ್ರೆ ಟೇಬಲ್ ತುಂಬುತ್ತೆ.
ಪಿಆರ್ ಇದ್ರೆ ಓಟಿಲ್ಲ. ಆದ್ರೆ ಪಾರ್ಟಿ ಮೆಂಬರ್ ಆಗಬಹುದು, ಮನೆ ಮನೆಗೆ ಹೋಗಿ ಪ್ರಚಾರ ಮಾಡಬಹುದು, ಮಿತಿಯೊಳಗೆ ದುಡ್ಡೂ ಕೊಡಬಹುದು. ಇದು ತುಂಬಾ ಜನಕ್ಕೆ ಗೊತ್ತೇ ಇಲ್ಲ.

ತುಮಕೂರ್ ಕಡೆಯವ:
ಮೇಡಂ ನಿಮ್ಮ ಬೇಜಾರು ನನಗೂ ಇದೆ, ಹತ್ತು ವರ್ಷ ಕೆಲ್ಸ ಮಾಡಿದವ್ರನ್ನ ಏನೋ ಹೊಸ ಮಾಹಿತಿ ಬಂದಿದೆ ಅಂತ ಹೇಳಿ ಅದೇನು ಅಂತ ಜನಕ್ಕೆ ಬಿಡಿಸಿ ಹೇಳ್ದೆ ಕೂರ್ಸೋದು ನನಗೆ ಒಪ್ಪೋಕಾಗಲ್ಲ. ಆದ್ರೆ ಸಿಟ್ಟಲ್ಲಿ ಓಟು ಹಾಕ್ಬೇಡಿ. ನಮ್ಮ ಬೀದೀಲಿ ಅರ್ಧ ಜನ ಸರ್ಕಾರಿ ಕೆಲಸದವ್ರು. ಪೊಲಿಯೆವ್ರ್ ಫೆಡರಲ್ ನೌಕರರ ಸಂಖ್ಯೆ ಇಳಿಸ್ತೀನಿ ಅಂತಿದಾರೆ, ಕಾರ್ನಿ ಇರೋಷ್ಟಕ್ಕೆ ನಿಲ್ಲಿಸ್ತೀನಿ, ಕಡಿತ ಇಲ್ಲ ಅಂತಿದಾರೆ, ಇನ್ನೊಂದ್ ಕಡೆ ಟ್ರಂಪ್ ಟ್ಯಾರಿಫು. ಕಾರ್ನಿ 2008ರಲ್ಲಿ ಬ್ಯಾಂಕ್ ಆಫ್ ಕೆನಡಾ ಗವರ್ನರ್ ಆದವ್ರು, ಆಮೇಲೆ ಬ್ಯಾಂಕ್ ಆಫ್ ಇಂಗ್ಲೆಂಡ್ ನಡೆಸಿದವ್ರು, ಈ ಹೊತ್ತಿಗೆ ಅಂಥವ್ರು ಬೇಕು ಅಂತ ನನ್ನ ಲೆಕ್ಕ. ಮನೆ ರೇಟು, ದಿನಸಿ ರೇಟು ನೋಡಿ ಬದಲಾವಣೆ ಬೇಕು ಅನ್ನೋರ ಮಾತಲ್ಲೂ ಸತ್ಯ ಇದೆ, ನಮ್ಮನೇಲೇ ನನ್ನ ಮಗ ಆ ಕಡೆ.

ಮಿಸ್ಸಿಸಾಗ ಮಂಜ:
ನನ್ನ ಮಾತು ಸ್ವಲ್ಪ ಖಾರ ಅನ್ನಿಸಬಹುದು ಅಕ್ಕ, ಬೇಜಾರ್ ಮಾಡ್ಕೋಬೇಡಿ. ನಮ್ಮೂರವ್ರು ಅಂತ ಓಟು ಹಾಕೋದನ್ನ ಊರಲ್ಲಿ ಜಾತಿ ನೋಡಿ ಓಟು ಅಂತ ಬೈತೀವಿ, ಇಲ್ಲಿ ಬಂದು ಅದನ್ನೇ ಹೆಮ್ಮೆ ಅಂತೀವಿ. ನಾನು ಹಿಂದೆ ಇದ್ದ ರೈಡಿಂಗಲ್ಲಿ ಅಪ್ಪನ ಸೂಪರ್ ವೀಸಾ (ಅಪ್ಪ ಅಮ್ಮ ಬಂದು ಜಾಸ್ತಿ ದಿನ ಇರೋಕೆ ಕೊಡೋ ವೀಸಾ) ಫೈಲು ತಿಂಗಳುಗಟ್ಟಲೆ ಅಲ್ಲಾಡ್ಲಿಲ್ಲ, ಎಂಪಿ ಆಫೀಸಿಗೆ ಹೋದಾಗ ಕೆಲಸ ಮಾಡ್ಕೊಟ್ಟಿದ್ದು ನಮ್ಮ ಭಾಷೆ ಒಂದಕ್ಷರ ಬರದ ಹೆಣ್ಣುಮಗಳು, ನೀನು ಯಾರಿಗೆ ಓಟು ಹಾಕಿದ್ದೆ ಅಂತನೂ ಕೇಳ್ಲಿಲ್ಲ.
ಯಾರನ್ನೂ ಕೇಳ್ಲಿಲ್ಲ ಅಂದ್ರಲ್ಲ, ಅದು ಮಾತ್ರ ನೂರಕ್ಕೆ ನೂರು ನಿಜ. ಇಲ್ಲಿ ಎಷ್ಟೋ ಕಡೆ ಅಸಲಿ ಎಲೆಕ್ಷನ್ ನಡೆಯೋದೇ ನಾಮಿನೇಷನ್ ಮೀಟಿಂಗಲ್ಲಿ. ಪಾರ್ಟಿ ಮೆಂಬರ್‌ಗಳು ಬಂದು ಕ್ಯಾಂಡಿಡೇಟ್ ಆರಿಸ್ತಾರೆ, ಕೆಲವು ಸಲ ಪಾರ್ಟಿ ಮೇಲಿಂದಲೇ ಹೆಸರು ಇಳಿಸುತ್ತೆ, ನಿಮ್ಮಲ್ಲಿ ಆಗಿದ್ದು ಅದೇ. ಲಿಬರಲ್ ಮೆಂಬರ್ ಆಗೋಕೆ ದುಡ್ಡೇ ಬೇಡ, ಕನ್ಸರ್ವೇಟಿವ್‌ಗೆ ಸಣ್ಣ ಫೀಸು. ನಾವು ಕನ್ನಡದವ್ರು ರಾಜ್ಯೋತ್ಸವಕ್ಕೆ ಹಾಲ್ ತುಂಬಿಸ್ತೀವಿ, ನಾಮಿನೇಷನ್ ಮೀಟಿಂಗಿಗೆ ಎಷ್ಟು ಜನ ಹೋಗಿದೀವಿ ಹೇಳಿ? ಬ್ರಾಂಪ್ಟನ್ ಪಂಜಾಬಿಗಳು ಆ ಕೆಲಸ ವರ್ಷಗಟ್ಟಲೆ ಮಾಡಿದಾರೆ, ಅದಕ್ಕೇ ಅಲ್ಲಿ ಎಲ್ಲಾ ಪಾರ್ಟಿಗಳೂ ಅವ್ರನ್ನ ಮಾತಾಡಿಸ್ತವೆ.

ಮಲೆನಾಡ್ ಟು ಬಾರ್‌ಹೇವನ್:
ಮಂಜಣ್ಣ ಜಾತಿ ಹೋಲಿಕೆ ನಾನು ಒಪ್ಪಲ್ಲ. ಪಾರ್ಲಿಮೆಂಟಲ್ಲಿ ನನ್ನ ಭಾಷೆ ಕೇಳಿದಾಗ ಈ ದೇಶ ನನ್ನದೂ ಹೌದು ಅನ್ನಿಸ್ತು, ಅದು ಬೇರೆ ತರದ್ದು. ಆದ್ರೆ ಮೀಟಿಂಗ್ ವಿಷ್ಯ ಹೇಳಿದ್ದು ನನಗೆ ನಾಟಿತು, ಮೆಂಬರ್ ಆಗಬಹುದು ಅಂತನೇ ಗೊತ್ತಿರ್ಲಿಲ್ಲ.

ಮಿಸ್ಸಿಸಾಗ ಮಂಜ (ಮೇ 18, 2025):
ಹಳೇ ಥ್ರೆಡ್ ಎಬ್ಬಿಸ್ತಿದೀನಿ. ನೇಪಿಯನ್ ಅಂತೂ ಸುಮಾರು 64% ತಗೊಂಡು ಕಾರ್ನಿ ಗೆದ್ರು, ಪಕ್ಕದ ಕಾರ್ಲ್‌ಟನ್‌ನಲ್ಲಿ ಪೊಲಿಯೆವ್ರೇ ಲಿಬರಲ್‌ನ ಬ್ರೂಸ್ ಫ್ಯಾಂಜಾಯ್ ಎದುರು ನಾಲ್ಕು ಸಾವಿರಕ್ಕೂ ಜಾಸ್ತಿ ಓಟಲ್ಲಿ ಸೋತ್ರು. ಬ್ರಾಂಪ್ಟನ್ ವೆಸ್ಟಲ್ಲಿ ಮಂತ್ರಿ ಕಮಲ್ ಖೇರಾ ಸೋತು ಕನ್ಸರ್ವೇಟಿವ್‌ನ ಅಮರ್‌ಜೀತ್ ಗಿಲ್ ಗೆದ್ರು, ಇಬ್ರೂ ಪಂಜಾಬಿಗಳೇ, ಅಂದ್ರೆ ಅಲ್ಲಿ ಜನ ಹೆಸರು ದಾಟಿ ನೋಡಿದಾರೆ. ನಮ್ಮ ಹತ್ರದ ಮಿಲ್ಟನ್ ಈಸ್ಟ್ ಹಾಲ್ಟನ್ ಹಿಲ್ಸ್ ಸೌತ್‌ದು ಮರುಎಣಿಕೆ ಮುಗೀತು, ಲಿಬರಲ್ ಗೆದ್ದಿದ್ದು ಬರೀ 21 ಓಟಲ್ಲಿ!! ಅಲ್ಲಿರೋ ನನ್ನ ಫ್ರೆಂಡು ಆವತ್ತು ಮಳೆ ಅಂತ ಮನೇಲೇ ಕೂತಿದ್ದ, ಈಗ ದಿನಾ ಅದನ್ನೇ ಹೇಳ್ಕೊಂಡು ಸಂಕಟ ಪಡ್ತಾನೆ. ಅಕ್ಕ ನೀವು ಹಾಕಿದ್ರಾ?

ಮಲೆನಾಡ್ ಟು ಬಾರ್‌ಹೇವನ್:
ಹಾಕಿದೆ, ಗುಡ್ ಫ್ರೈಡೇ ದಿನವೇ. ಒಂದು ಗಂಟೆ ಲೈನು, ಮಗಳನ್ನೂ ಕರ್ಕೊಂಡ್ ಹೋಗಿದ್ದೆ, ಪರದೆ ಹಿಂದೆ ಪೆನ್ಸಿಲ್ ಹಿಡಿದಾಗ ಕೈ ಸ್ವಲ್ಪ ನಡುಗ್ತು. ಯಾರಿಗೆ ಅಂತ ಹೇಳಲ್ಲ, ಸಿಟ್ಟಿಗಂತೂ ಹಾಕ್ಲಿಲ್ಲ. ನಮ್ಮನೆಯವ್ರು ಪಾರ್ಟಿ ಮೆಂಬರ್ ಆದ್ರು, ನಾನು ಇನ್ನೂ ಯೋಚನೆ ಮಾಡ್ತಿದೀನಿ. ಮುಂದಿನ ಸಲ ನಾಮಿನೇಷನ್ ಮೀಟಿಂಗ್ ಡೇಟು ಮೊದಲೇ ಗೊತ್ತಾಗೋಕೆ ಎಲ್ಲಿ ನೋಡ್ತಿರ್ಬೇಕು, ಗೊತ್ತಿದ್ದವ್ರು ಹೇಳಿ.