ಜಿಪಿಎಲ್ 2, ಅಪಾಚೆ 2.0 ಎರಡೂ ಒಂದೇ ಆ್ಯಪ್‌ನಲ್ಲಿ ಇದ್ದರೆ ನಿಜವಾಗ್ಲೂ ತೊಂದರೆ ಇದೆಯಾ?

ಕೋಡುಬಳೆ:
ನಾವು ನಾಲ್ಕು ಜನ ಸೇರಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿದ್ದೇವೆ, ವಿಂಡೋಸ್‌ನಲ್ಲಿ ಇನ್‌ಸ್ಟಾಲ್ ಮಾಡುವಂಥದ್ದು. ಬೇರೆಯವರು ಬರೆದ ಎರಡು ಲೈಬ್ರರಿ (ಸಿದ್ಧ ಕೋಡ್) ಬಳಸಿದ್ದೇವೆ: ಬಾರ್‌ಕೋಡ್ ಲೈಬ್ರರಿಯ ಲೈಸೆನ್ಸ್ ಜಿಪಿಎಲ್ 2, ಪಿಡಿಎಫ್ ಲೈಬ್ರರಿಯದ್ದು ಅಪಾಚೆ 2.0, ಎರಡೂ ಓಪನ್ ಸೋರ್ಸ್ ಲೈಸೆನ್ಸ್‌ಗಳು. ಎರಡನ್ನೂ ಒಟ್ಟಿಗೆ ಲಿಂಕ್ ಮಾಡಿದ್ದೇವೆ. ಮೊನ್ನೆ ಒಬ್ಬ ದೊಡ್ಡ ಗಿರಾಕಿ ಲೈಸೆನ್ಸ್ ಪಟ್ಟಿ ಕೇಳಿದ ಮೇಲೇ ನಾನು ಆ ಫೈಲ್‌ಗಳನ್ನು ತೆರೆದು ನೋಡಿದ್ದು. ಬೇಕಾದರೆ ನಮ್ಮ ಕೋಡನ್ನೂ ಜಿಪಿಎಲ್‌ನಲ್ಲೇ ಕೊಡ್ತೇವೆ. ಆಗ ಸರಿ ಹೋಗುತ್ತೆ ಅಲ್ವಾ?

ನಿಧಾನಿ:
ಇಲ್ಲ, ಪೇಚು ಅಲ್ಲೇ ಇರೋದು. ತಕರಾರು ನಿಮ್ಮ ಕೋಡ್‌ದಲ್ಲ, ಆ ಎರಡು ಲೈಸೆನ್ಸ್‌ಗಳದ್ದು. ಈ ಲೈಸೆನ್ಸ್ ಹೇಳಿದ್ದಕ್ಕಿಂತ ಜಾಸ್ತಿ ನಿರ್ಬಂಧ ಯಾರೂ ಹೇರಬಾರದು ಅಂತ ಜಿಪಿಎಲ್ 2ರ 6ನೇ ಕಲಂ ಹೇಳುತ್ತೆ. ಅಪಾಚೆಯಲ್ಲಿ ಪೇಟೆಂಟ್ ಬಗ್ಗೆ ಒಂದು ಷರತ್ತಿದೆ: ಈ ಕೋಡ್ ನನ್ನ ಪೇಟೆಂಟ್ ಮುರಿದಿದೆ ಅಂತ ನೀವು ಕೇಸ್ ಹಾಕಿದರೆ, ಆ ಕೋಡ್‌ಗೆ ನಿಮಗೆ ಸಿಕ್ಕಿದ್ದ ಪೇಟೆಂಟ್ ಅನುಮತಿ ಹೋಗುತ್ತೆ. ಇದು ಜಿಪಿಎಲ್ 2ರಲ್ಲಿ ಇಲ್ಲದ ಷರತ್ತು, ಹಾಗಾಗಿ ಎರಡೂ ಕೂಡಲ್ಲ ಅಂತ ಜಿಪಿಎಲ್ ಬರೆದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಹೇಳುತ್ತೆ.

ನಿಮ್ಮ ಆಫೀಸಿನೊಳಗೆ ಮಾತ್ರ ಬಳಸಿದ್ದರೆ ಯಾರ ಗೊಡವೆಯೂ ಇರಲಿಲ್ಲ. ಅಂಗಡಿಗೆ ಇನ್‌ಸ್ಟಾಲರ್ ಕೊಟ್ಟಿರಿ, ಅದು ಹಂಚಿಕೆ, ಈ ಷರತ್ತುಗಳು ಬರೋದೇ ಅಲ್ಲಿ. ಜಿಪಿಎಲ್ 2ರ 4ನೇ ಕಲಂ ಪ್ರಕಾರ ಷರತ್ತು ಮುರಿದ ಕೂಡಲೇ ನಿಮ್ಮ ಹಕ್ಕು ತಾನಾಗಿಯೇ ರದ್ದು, ನೋಟಿಸ್ ಕೂಡ ಬೇಕಿಲ್ಲ.

ಒಂದು ಕೆಲಸ ಮಾಡಿ, ಬರೀ ಲೈಸೆನ್ಸ್ ಫೈಲ್ ನೋಡಿ ಸುಮ್ನಾಗಬೇಡಿ, ಪ್ರತಿ ಸೋರ್ಸ್ ಫೈಲ್‌ನ ತಲೆಯಲ್ಲಿರುವ ಸಾಲು ಓದಿ. 'ಆವೃತ್ತಿ 2 ಅಥವಾ ಅದರ ನಂತರದ್ದು' ಅಂತ ಇದ್ದರೆ ಅದನ್ನು ಜಿಪಿಎಲ್ 3 ಅಂತ ತೆಗೆದುಕೊಳ್ಳಬಹುದು, 2007ರಲ್ಲಿ ಬಂದ ಆ ಆವೃತ್ತಿ ಅಪಾಚೆಯನ್ನು ಒಳಗೆ ಬಿಟ್ಟುಕೊಳ್ಳುತ್ತೆ. ಆಗ ಇಡೀ ಆ್ಯಪ್ ಜಿಪಿಎಲ್ 3 ಆಗಬೇಕು ಅಷ್ಟೇ.

ಅರ್ಧ ಕಾಫಿ:
ಇಷ್ಟೆಲ್ಲ ಹೆದರಿಸಬೇಡಿ ಮಾರಾಯ್ರೆ. ಲಿನಕ್ಸ್ ಆಧಾರಿತ ಉಬುಂಟು 16.04 ಜೊತೆ 2016ರಲ್ಲಿ ಝಡ್‌ಎಫ್‌ಎಸ್ ಅನ್ನೋ ಫೈಲ್ ಸಿಸ್ಟಂ ಬಂತು. ಅದರ ಲೈಸೆನ್ಸ್ ಸಿಡಿಡಿಎಲ್ ಅನ್ನೋ ಬೇರೆಯದೇ ಓಪನ್ ಸೋರ್ಸ್ ಲೈಸೆನ್ಸ್, ಲಿನಕ್ಸ್‌ನ ತಿರುಳಾದ ಕರ್ನಲ್‌ದು ಜಿಪಿಎಲ್ 2. ಇದು ಉಲ್ಲಂಘನೆ ಅಂತ ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ಬಹಿರಂಗವಾಗಿಯೇ ಹೇಳಿತು, ಆದ್ರೂ ಉಬುಂಟುದವರು ಕೊಟ್ಟೇ ಕೊಟ್ಟರು. ನಾಲ್ಕು ಜನರ ಕಂಪನಿ ಮೇಲೆ ಯಾರು ಕೇಸ್ ಹಾಕ್ತಾರೆ?

ನಿಧಾನಿ:
ಉಬುಂಟು ಹಿಂದೆ ವಕೀಲರಿದ್ದಾರೆ, ಇವರ ಹಿಂದೆ ಯಾರಿದ್ದಾರೆ? ಫ್ರಾನ್ಸಿನ ಆರೆಂಜ್ ಕಂಪನಿ ಲಾಸ್ಸೊ ಅನ್ನೋ ಜಿಪಿಎಲ್ ಲೈಬ್ರರಿಯ ಷರತ್ತು ಮುರಿದದ್ದಕ್ಕೆ 2024ರಲ್ಲಿ ಪ್ಯಾರಿಸ್ ಮೇಲ್ಮನವಿ ಕೋರ್ಟ್ ಲಕ್ಷಗಟ್ಟಲೆ ಯೂರೋ ಪರಿಹಾರ ಕೊಡಿ ಅಂತು. ಅದು ಲೈಸೆನ್ಸ್ ಬೆರೆಸಿದ ಕೇಸಲ್ಲ, ಒಪ್ಪಿದೆ. ಆದರೆ ಕೋರ್ಟ್ ಮಾತು ಬಿಡಿ, ಇವರ ಗಿರಾಕಿ ಈಗಾಗಲೇ ಪಟ್ಟಿ ಕೇಳಿ ಕೂತಿದ್ದಾರಲ್ಲ.

ಕೋಡುಬಳೆ:
ಈಗಷ್ಟೇ ಹುಡುಕಿದೆ. ಎರಡು ಫೈಲ್ ಬಿಟ್ಟು ಉಳಿದದ್ದರಲ್ಲೆಲ್ಲ 'ಅಥವಾ ನಂತರದ್ದು' ಇದೆ! ಆ ಎರಡರಲ್ಲಿ ಮಾತ್ರ ಬರೀ 2. ಎರಡನ್ನೂ ಬರೆದವರು ಒಬ್ಬರೇ, ಅವರಿಗೆ ಮೇಲ್ ಹಾಕಿದ್ದೇನೆ. ಉತ್ತರ ಬರದಿದ್ದರೆ ಆ ಲೈಬ್ರರಿ ಕಿತ್ತು ಬೇರೆ ಹಾಕ್ತೇವೆ. ಅಲ್ಲಿವರೆಗೆ ಹೊಸ ಇನ್‌ಸ್ಟಾಲರ್ ಯಾರಿಗೂ ಕೊಡಲ್ಲ.